ಕೇಳಿಕೊಂಡು ಬರುವವರಿಗಾಗಿ

ಮಾಗಿಯ ಬೆಳಗು. ಧಾರವಾಡದ ನಮ್ಮ ಓಣಿಯಲ್ಲಿ ಬಿಸಿಲು ಕಟ್ಟೆಯ ತನಕ ಬರಲು ಇನ್ನೂ ಹೊತ್ತಿದೆ. ಚಹಾ ಕುಡಿದಾಗಿದೆ. ಕೌದಿ ಹೊದ್ದು ಕೂತಿದ್ದೇನೆ. ಇದು ನಮ್ಮ ಆಯಿಯ ಕೈಯ ಕೌದಿ. ತಂಗಿ ಹುಟ್ಟಿದಾಗ ಅವ್ವನ ಬಾಣಂತನಕ್ಕೆಂದು ಹೊಲಿದದ್ದು. ಐವತ್ತು ವರ್ಷ ಮೈಮೇಲೆ ಎಳೆದುಕೊಂಡು ಮಲಗಿದ್ದಕ್ಕೆ ಅದರ ಅರಿವೆ ಹಣ್ಣಾದ ಎಲೆಯ ಹಾಗೆ ಮೆತ್ತಗಾಗಿದೆ. ಹೊಲಿಗೆಯ ಸಾಲುಗಳ ಮೇಲೆ ಬೆರಳಾಡಿಸಿದರೆ ಹೊಲದ ನೇಗಿಲ ಸಾಲು ಮುಟ್ಟಿದಂತಾಗುತ್ತದೆ.

ನಿನ್ನೆ ಅವ್ವನ ಟ್ರಂಕು ಬಿಚ್ಚಿದೆವು. ಅವ್ವ ಹೋಗಿ ವರ್ಷವಾಯಿತು. ಅಲ್ಲಿಯ ತನಕ ಅದನ್ನು ಮುಟ್ಟುವ ಮನಸ್ಸು ಯಾರಿಗೂ ಬಂದಿರಲಿಲ್ಲ. ತಂಗಿ ಅದಕ್ಕೆಂದೇ ಬಂದಿದ್ದಾಳೆ. ನಡುಮನೆಯಲ್ಲಿ ಮೂರು ಗುಂಪು ಮಾಡಿದಳು. ಒಂದು ಇಡುವುದು, ಒಂದು ಕೊಡುವುದು, ಇನ್ನೊಂದು ಒರೆಸುವ ಬಟ್ಟೆಗೆ. ರೇಷ್ಮೆ ಸೀರೆಗಳು, ಸೆರಗು ಮಾಸದ ಇಳಕಲ್ ಸೀರೆಗಳು ಮೊದಲ ಗುಂಪಿಗೆ ಹೋದವು. ಗಟ್ಟಿಯಿದ್ದ ನೂಲಿನವು ಎರಡನೆಯದಕ್ಕೆ. ಅವ್ವ ದಿನಾ ಉಡುತ್ತಿದ್ದ, ಮೊಣಕಾಲಿನ ಜಾಗದಲ್ಲಿ ತೆಳುವಾಗಿ ಬೆಳಕು ಕಾಣುವ ಎರಡು ಸೀರೆಗಳು ಮೂರನೆಯದಕ್ಕೆ. ಕೌದಿ ಮಾತ್ರ ಯಾವ ಗುಂಪಿಗೂ ಸೇರದೆ ಉಳಿಯಿತು.

ಈಗ ಅವಳು ಕಸಬರಿಗೆ ಹಿಡಿದು ಬಂದವಳು ನನ್ನ ಹೆಗಲ ಕಡೆ ನೋಡಿ ನಿಂತಳು. "ಅಣ್ಣಾ, ಮೂಲಿ ಹರದೈತಿ ನೋಡು. ಇನ್ನ ಇದನ್ನ ಇಟಗೊಂಡು ಏನ ಮಾಡ್ತಿ?"

ಉತ್ತರ ಹೊಳೆಯಲಿಲ್ಲ. ಅವಳು ಒಳಗೆ ಹೋದಳು. ಪ್ರಶ್ನೆ ಕಟ್ಟೆಯ ಮೇಲೆಯೇ ಉಳಿಯಿತು.

ನಮ್ಮ ಮನೆಗೆ ವರ್ಷಕ್ಕೊಮ್ಮೆ ಬರುವ ಈ ಪ್ರಶ್ನೆ, ಹಳೆಯ ಬಟ್ಟೆಗಳನ್ನು ಕಾಯುವ ವಸ್ತುಸಂಗ್ರಹಾಲಯಗಳಿಗೂ ಪತ್ರಾಗಾರಗಳಿಗೂ ದಿನಾ ಬರುತ್ತದೆ. ಯಾವುದನ್ನು ಇಡಬೇಕು? ಯಾವುದನ್ನು ಬಿಡಬೇಕು? ಇಡುವುದಾದರೆ ಯಾರಿಗಾಗಿ?

ಕಲ್ಲಿನ ಶಾಸನ ಹೊಲದ ಬದುವಿನಲ್ಲಿ ಬಿದ್ದುಕೊಂಡೂ ಸಾವಿರ ವರ್ಷ ಬಾಳುತ್ತದೆ. ತಾಮ್ರಪಟ ಮಣ್ಣಲ್ಲಿ ಹೂತಿದ್ದರೂ ತೊಳೆದರೆ ಓದಲು ಬರುತ್ತದೆ. ಬಟ್ಟೆಗೆ ಆ ಆಯುಷ್ಯವಿಲ್ಲ. ನುಸಿ, ಗೆದ್ದಲು, ಮಳೆಗಾಲದ ತಂಪು, ಉಟ್ಟವರ ಬೆವರು, ಎಲ್ಲವೂ ಅದನ್ನು ತಿನ್ನುತ್ತವೆ. ಕೆಲವೊಮ್ಮೆ ಅದರ ಚೆಲುವೇ ಅದನ್ನು ತಿನ್ನುತ್ತದೆ. ಕಲಂಕಾರಿಯ ಕಪ್ಪು ಗೆರೆಗೆ ತುಕ್ಕು ಹಿಡಿದ ಕಬ್ಬಿಣವನ್ನೂ ಬೆಲ್ಲವನ್ನೂ ನೀರಿನಲ್ಲಿ ಕೊಳೆಹಾಕಿ ತೆಗೆದ ರಸ ಬೇಕು. ಆ ಕಬ್ಬಿಣ ಒಳಗೊಳಗೇ ನೂಲನ್ನು ಸುಡುತ್ತಾ ಹೋಗುತ್ತದೆ. ಹಳೆಯ ಬಟ್ಟೆಗಳಲ್ಲಿ ಕೆಂಪೂ ನೀಲಿಯೂ ಗಟ್ಟಿಯಾಗಿ ಉಳಿದು, ಕಪ್ಪು ಗೆರೆ ಇದ್ದ ಕಡೆ ಮಾತ್ರ ನೂಲು ಉದುರಿರುವುದುಂಟು. ಹೂವಿಗೆ ಹೂವಿನ ರೂಪ ಕೊಟ್ಟ ಗೆರೆಯೇ ಮೊದಲು ಹೋಗುತ್ತದೆ.

ಬೆಳಕೂ ಅಷ್ಟೇ. ಬೆಳಕು ಮಾಡಿದ ಗಾಯ ಬಟ್ಟೆಗೆ ಮಾಯುವುದಿಲ್ಲ. ಇವತ್ತಿನದು ನಿನ್ನೆಯದರ ಮೇಲೆ ಕೂಡುತ್ತಾ ಹೋಗುತ್ತದೆ. ಆದ್ದರಿಂದಲೇ ಹಳೆಯ ಬಟ್ಟೆ ಇಟ್ಟ ಕೋಣೆಗಳಲ್ಲಿ ದೀಪವನ್ನು 50 ಲಕ್ಸ್‌ನಷ್ಟಕ್ಕೆ ಇಳಿಸಿರುತ್ತಾರೆ. ಹೊರಗಿನ ಬಿಸಿಲಿನಿಂದ ಒಳಗೆ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ, ಕಣ್ಣು ಹೊಂದಿಕೊಳ್ಳುವ ತನಕ ನಿಲ್ಲಬೇಕು. ಕೆಲವು ತಿಂಗಳು ಹೊರಗಿಟ್ಟ ಬಟ್ಟೆಯನ್ನು ಮತ್ತೆ ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸುತ್ತಾರೆ. ಮಡಿಕೆ ಬಿದ್ದಲ್ಲಿ ನೂಲು ಮುರಿಯುತ್ತದೆಂದು ಕೊಳವೆಗೆ ಸುತ್ತಿಡುತ್ತಾರೆ. ಬಟ್ಟೆಯನ್ನು ತೋರಿಸುವುದೆಂದರೆ ಅದನ್ನು ಅಷ್ಟಷ್ಟೇ ಖರ್ಚು ಮಾಡುವುದು. ಇದು ತಿಳಿದವರಿಗೆ ಪ್ರತಿ ತುಂಡೂ ಒಂದು ಹೊಣೆ. ಒಂದು ಸೀರೆಯನ್ನು ಒಳಗೆ ತಗೊಂಡರೆ ಅದಕ್ಕೆ ಜಾಗ, ಕತ್ತಲು, ಒಣಹವೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಕೈ, ಇಷ್ಟನ್ನೂ ಮುಂದಿನ ನೂರು ವರ್ಷಕ್ಕೆ ಒಪ್ಪಿಕೊಂಡಂತೆ.

ಹಾಗಾಗಿ ಎಲ್ಲವನ್ನೂ ಇಡಲಾಗದು. ಆರಿಸಲೇಬೇಕು. ಆದರೆ ನಾವು ಆರಿಸುವುದಕ್ಕೂ ಮೊದಲೇ ಕಾಲ ಒಮ್ಮೆ ಆರಿಸಿಬಿಟ್ಟಿರುತ್ತದೆ. ನಿನ್ನೆಯ ಮೂರು ಗುಂಪುಗಳನ್ನೇ ನೆನೆಯುತ್ತೇನೆ. ಅವ್ವ ಮದುವೆ ಮುಂಜಿಗೆ ಉಟ್ಟು ಮಡಿಸಿಟ್ಟದ್ದು ಉಳಿಯಿತು. ರೊಟ್ಟಿ ಬಡಿಯುವಾಗ, ಬಾವಿಯಿಂದ ನೀರು ಸೇದುವಾಗ, ಜ್ವರ ಬಂದ ನಮ್ಮ ಹಣೆ ಒರೆಸುವಾಗ ಮೈಮೇಲಿದ್ದದ್ದು ಹರಿಯಿತು. ನಾವು ಹೆಚ್ಚು ಬಳಸಿದ್ದೆಲ್ಲ ಬಳಸಿಯೇ ಮುಗಿಯುತ್ತದೆ. ದೊಡ್ಡ ಸಂಗ್ರಹಾಲಯಗಳಲ್ಲೂ ಇದೇ ಕಥೆ. ಅರಸರ ನಿಲುವಂಗಿ, ಮದುವೆಯ ಜರಿ, ದೇವರಿಗೆ ಹೊದಿಸಿದ ಪಟ್ಟೆ ಧಾರಾಳವಾಗಿ ಸಿಗುತ್ತವೆ. ಕಳೆ ಕೀಳುವವಳ ಸೀರೆ, ಕೂಸಿನ ಬುಡಕ್ಕೆ ಹಾಸಿದ ಅರಿವೆ, ಹಮಾಲಿಯ ತಲೆಸುತ್ತು ಸಿಗುವುದು ಅಪರೂಪ. ಮುನ್ನೂರು ವರ್ಷದ ಮೇಲೆ ಬರುವ ಮನುಷ್ಯ ಅವನ್ನಷ್ಟೇ ನೋಡಿದರೆ, ನಮ್ಮ ಜನ ದಿನಾಲೂ ಹಬ್ಬ ಮಾಡುತ್ತಿದ್ದರೆಂದು ತಿಳಿದಾನು.

ಒಮ್ಮೊಮ್ಮೆ ಬೀಸಾಡಿದ್ದೇ ಉಳಿದುಬಿಡುತ್ತದೆ. ಈಜಿಪ್ಟಿನ ಕೈರೋ ಪಕ್ಕದ ಫುಸ್ತಾತ್ ಎಂಬ ಹಳೆಯ ಊರಿನ ತಿಪ್ಪೆಗಳಲ್ಲಿ ಗುಜರಾತಿನ ಅಚ್ಚಿನ ಬಟ್ಟೆಯ ಚೂರುಗಳು ಸಿಕ್ಕವು. ಮಂಜಿಷ್ಠೆಯ ಜಾತಿಯ ಬೇರಿನಿಂದ ಬಂದ ಕೆಂಪು, ನೀಲಿಗಿಡದ ನೀಲಿ. ಕಡಲು ದಾಟಿ ಹೋಗಿ ಅಲ್ಲಿನವರ ಮೈಮೇಲೂ ಮನೆಯಲ್ಲೂ ಇದ್ದು, ಹರಿದು, ತೇಪೆ ಹಾಕಿಸಿಕೊಂಡು, ಕೊನೆಗೆ ಕಸಕ್ಕೆ ಬಿದ್ದ ಬಟ್ಟೆ. ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ಸಂಗ್ರಹಾಲಯದಲ್ಲಿ ಅಂಥ ಸುಮಾರು 1,200 ಚೂರುಗಳಿವೆ. ಕೆಲವಕ್ಕೆ ಸಾವಿರ ವರ್ಷದ ವಯಸ್ಸು. ಅವನ್ನು ನೇಯ್ದು ಅಚ್ಚೊತ್ತಿದ ನಾಡಿನಲ್ಲಿ ಅಷ್ಟು ಹಳೆಯ ದಿನಬಳಕೆಯ ಬಟ್ಟೆ ನಮ್ಮ ಮಳೆಗೂ ಹುಳಕ್ಕೂ ತುತ್ತಾಯಿತು. ಮಳೆಯಿಲ್ಲದ ದೂರದ ಮರಳು ಅದನ್ನು ಕಾಯ್ದಿತು. ಯಾರೂ ಇಡಬೇಕೆಂದು ಇಟ್ಟದ್ದಲ್ಲ. ಆದರೆ ಅವು ಯಾರ ಬಟ್ಟೆ ಎಂದು ಕೇಳಿದರೆ ತಿಪ್ಪೆ ಹೇಳುವುದಿಲ್ಲ. ಚೂರು ಉಳಿಯಿತು, ಹೆಸರು ಉಳಿಯಲಿಲ್ಲ.

ಇಡಬೇಕೆಂದೇ ಇಟ್ಟವರೂ ಇದ್ದಾರೆ. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬಾತ ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದ ನಮ್ಮ ದೇಶದ ಬಟ್ಟೆಗಳಿಂದ ತುಂಡು ಕತ್ತರಿಸಿ, 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿದ. ಅಂಥ 20 ಪ್ರತಿಗಳನ್ನು ಮಾಡಿಸಿದ. 13 ಪ್ರತಿ ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ರುಮಾಲು, ಧೋತರ, ಲುಂಗಿ, ಸೀರೆ, ಎಲ್ಲದರ ತುಂಡುಗಳೂ ಇದ್ದವು. ಭಾರತದ ಜನ ಏನು ಉಡುತ್ತಾರೆ ಎಂದು ಅಲ್ಲಿನ ಗಿರಣಿಗಳವರು ನೋಡಿ, ಅಂಥದ್ದನ್ನೇ ನೇಯ್ದು ಇಲ್ಲಿಗೆ ಮಾರಲಿ ಎಂಬುದು ಉದ್ದೇಶ. ಊರು, ಉದ್ದಗಲ, ತೂಕ, ಬೆಲೆ ಬರೆದರು. ನೇಯ್ದವನ ಹೆಸರು ಆ ಲೆಕ್ಕದಲ್ಲಿ ಬೇಕಿರಲಿಲ್ಲ.

ಇಳಕಲ್ ಸೀರೆ ಬಲ್ಲವರಿಗೆ ಆ ಕತ್ತರಿಯ ನೋವು ಬೇಗ ತಿಳಿದೀತು. ನಮ್ಮ ಇಳಕಲ್ಲಿನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಗೆ ಸಿಕ್ಕಿಸಿ ಎರಡನ್ನೂ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಮೈಯಿಂದ ಒಂದು ಚೂರು, ಸೆರಗಿನಿಂದ ಒಂದು ಚೂರು ಕತ್ತರಿಸಿಟ್ಟರೆ ಬಣ್ಣ ಸಿಗುತ್ತದೆ, ನೇಯ್ಗೆ ಸಿಗುತ್ತದೆ. ಅವೆರಡೂ ಕೈ ಹಿಡಿದ ಜಾಗ ಸಿಗುವುದಿಲ್ಲ. ಇಳಕಲ್ಲಿನ ಜಾಣತನವೆಲ್ಲ ಇರುವುದು ಆ ಒಂದು ಗೆರೆಯಲ್ಲಿ.

ಹೀಗೆಂದು ವಾಟ್ಸನ್ನನ ಸಂಪುಟಗಳನ್ನು ನಾನು ತಳ್ಳಿಹಾಕಲಾರೆ. ಮಾರಾಟಕ್ಕೆಂದು ಇಟ್ಟ ಆ ಚೂರುಗಳನ್ನು ಇವತ್ತು ನಮ್ಮ ಕೈಮಗ್ಗದ ಇತಿಹಾಸ ಹುಡುಕುವವರು ತೆರೆದು ನೋಡುತ್ತಾರೆ. ಇಟ್ಟವನು ಒಬ್ಬರಿಗಾಗಿ ಇಟ್ಟ, ಕೇಳಿಕೊಂಡು ಬಂದವರು ಇನ್ನೊಬ್ಬರು. ಇಡುವ ಕೆಲಸದಲ್ಲಿ ಇದೊಂದು ಸಮಾಧಾನವಿದೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಲಂಡನ್ನಿನ ಬೇರೊಂದು ಸಂಗ್ರಹದ ಎದುರಿಗೆ. ಅದನ್ನು ಮಾಡಿದವರಿಗೆ ತಾವು ಬಟ್ಟೆ ಸಂಗ್ರಹಿಸುತ್ತಿದ್ದೇವೆ ಎಂಬ ಅರಿವೇ ಇರಲಿಲ್ಲ.

ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ಲಂಡನ್ನಿನ ಬೀದಿಬದಿಯಲ್ಲಿ ಬಿಟ್ಟುಹೋದ ಎಳೆಗೂಸುಗಳನ್ನು ಕಂಡು ಮರುಗಿದ. ಅವಕ್ಕೊಂದು ಆಸರೆ ಬೇಕೆಂದು 17 ವರ್ಷ ಬಾಗಿಲು ಬಾಗಿಲು ತಿರುಗಿದ. 1739ರಲ್ಲಿ ರಾಜನ ಅಪ್ಪಣೆ ಸಿಕ್ಕಿತು. 1741ರಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಮೊದಲ ಕೂಸುಗಳನ್ನು ಒಳಗೆ ತೆಗೆದುಕೊಂಡಿತು. ಹೆಸರಿಗೆ ಹಾಸ್ಪಿಟಲ್ ಆದರೂ ಅದು ಅನಾಥಾಲಯ. ಬಡತನಕ್ಕೋ ಅಪವಾದಕ್ಕೋ ಸಿಕ್ಕ ತಾಯಂದಿರು ಕೂಸನ್ನು ತಂದು ಅಲ್ಲಿ ಒಪ್ಪಿಸಿ ಹೋಗುತ್ತಿದ್ದರು.

ಒಳಗೆ ಹೋದ ಕೂಸಿಗೆ ಹೊಸ ಹೆಸರಿಡುತ್ತಿದ್ದರು. ಕೊರಳಿಗೆ ಸೀಸದ ಬಿಲ್ಲೆಯಲ್ಲಿ ಒಂದು ಅಂಕಿ ಕಟ್ಟುತ್ತಿದ್ದರು. ಮುಂದೆ ಯಾವಾಗಲಾದರೂ ತಾಯಿ ತಿರುಗಿ ಬಂದರೆ? ಸಾವಿರಾರು ಕೂಸುಗಳಲ್ಲಿ ಅವಳದು ಯಾವುದೆಂದು ಹೇಳುವುದು ಹೇಗೆ? ಅದಕ್ಕೊಂದು ಚೀಟಿ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಮೈಮೇಲೆ ಯಾವ ಗುರುತು, ಯಾವ ಬಟ್ಟೆ, ಎಲ್ಲ ಬರೆಯುತ್ತಿದ್ದರು. ಚೀಟಿಗೆ ಒಂದು ಚೂರು ಬಟ್ಟೆಯನ್ನು ಟಾಚಣಿಯಿಂದ ಚುಚ್ಚಿಡುತ್ತಿದ್ದರು. ಕೂಸಿನ ಅಂಗಿಯ ತೋಳಿನಿಂದ ಕತ್ತರಿಸಿದ್ದು, ತಾಯಿಯ ಉಡುಪಿನಿಂದ ಹರಿದದ್ದು, ಇಲ್ಲವೆ ಒಂದು ರಿಬ್ಬನ್ನು. ಆ ತಾಯಂದಿರಲ್ಲಿ ಬಹಳ ಮಂದಿಗೆ ಓದು ಬರಹ ಬಾರದು. ಬರೆಯಲಾಗದವಳ ಪಾಲಿಗೆ ಆ ಹೂವಿನ ಅಚ್ಚು, ಆ ಪಟ್ಟೆ, ಆ ಬಣ್ಣವೇ ಸಹಿ. ಚೀಟಿಯನ್ನು ಮಡಿಸಿ ಮುಚ್ಚಿಡುತ್ತಿದ್ದರು. ಯಾರಾದರೂ ಕೇಳಿಕೊಂಡು ಬಂದರೆ ಮಾತ್ರ ತೆರೆಯಬೇಕು.

1741ರಿಂದ 1760ರ ತನಕ ಅಲ್ಲಿಗೆ ಬಂದ ಕೂಸುಗಳು 16,282. ತಿರುಗಿ ತಾಯಿಯ ಮಡಿಲಿಗೋ ಮನೆಯವರ ಕೈಗೋ ಹೋದವು 152. ಬಂದವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಆ ಸಂಸ್ಥೆಯ ಆಸರೆಯಲ್ಲಿದ್ದಾಗಲೇ ತೀರಿಕೊಂಡವು.

ಚೀಟಿಗಳು ಮಾತ್ರ ಪುಸ್ತಕಗಳಲ್ಲಿ ಮುಚ್ಚಿಕೊಂಡು ಕಾಯುತ್ತಾ ಉಳಿದವು. ಸುಮಾರು 5,000 ಚೂರು ಬಟ್ಟೆ ಈಗ ಲಂಡನ್ನಿನ ಪತ್ರಾಗಾರದಲ್ಲಿವೆ. 2010ರಲ್ಲಿ ಇತಿಹಾಸಕಾರ ಜಾನ್ ಸ್ಟೈಲ್ಸ್ ಅವನ್ನು ಜನರ ಮುಂದಿಟ್ಟಾಗ ಎರಡು ಮಾತು ತಿಳಿದವು. ಒಂದು, ಅವುಗಳ ಬಣ್ಣ ಮಾಸಿಲ್ಲ. ಕತ್ತಲಲ್ಲಿ ಮುಚ್ಚಿಕೊಂಡಿದ್ದರಿಂದ ಕೆಂಪು ಕೆಂಪಾಗಿಯೇ, ನೀಲಿ ನೀಲಿಯಾಗಿಯೇ ಇದೆ. ಇನ್ನೊಂದು, 18ನೇ ಶತಮಾನದ ಬ್ರಿಟನ್ನಿನ ಸಾಮಾನ್ಯ ಜನ ದಿನಾ ತೊಟ್ಟ ಬಟ್ಟೆಯ ಇಷ್ಟು ದೊಡ್ಡ ಸಂಗ್ರಹ ಬೇರೆ ಎಲ್ಲೂ ಇಲ್ಲ. ಅರಮನೆಯವರ ರೇಷ್ಮೆಯನ್ನು ಜತನ ಮಾಡಿದ ಯಾವ ಮನೆಯೂ ಇದನ್ನು ಇಟ್ಟಿರಲಿಲ್ಲ. ಇಟ್ಟದ್ದು ಒಂದು ಅನಾಥಾಲಯದ ಗುಮಾಸ್ತೆ, ಒಬ್ಬ ತಾಯಿ ಬರಬಹುದು ಎಂಬ ಒಂದೇ ಕಾರಣಕ್ಕೆ.

ಅವುಗಳಲ್ಲಿ ಒಂದು ಚೂರು ನಮ್ಮ ಕೌದಿಯ ತುಣುಕಿನಂತೆಯೇ ಇದೆ. ಬೇರೆ ಬೇರೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಪಟ್ಟಿ. ಮೇಲೆ ದಾರದಲ್ಲಿ ಹೃದಯದ ಆಕಾರ. ಆ ಹೃದಯವನ್ನು ನಡುವೆಯೇ ಕತ್ತರಿಸಿದೆ. ಅರ್ಧ ಕೂಸಿನ ಚೀಟಿಗೆ, ಅರ್ಧ ತಾಯಿಯ ಹತ್ತಿರ. 1767ರ ಫೆಬ್ರವರಿಯಲ್ಲಿ ಸಾರಾ ಬೆಂಡರ್ ಎಂಬಾಕೆ ತನ್ನ ಮಗ ಚಾರ್ಲ್ಸ್‌ನನ್ನು ಹಾಗೆ ಬಿಟ್ಟುಹೋದಳು. ಒಳಗಿನವರು ಅವನಿಗೆ ಬೆಂಜಮಿನ್ ಟ್ವರ್ಲ್ ಎಂದು ಹೆಸರಿಟ್ಟರು. 1775ರಲ್ಲಿ, ಎಂಟು ವರ್ಷದ ಮೇಲೆ, ಆಕೆ ತಿರುಗಿ ಬಂದಳು. ಮಗ ಬದುಕಿದ್ದ. ಕರೆದುಕೊಂಡು ಹೋದಳು.

ಆ ಎಂಟು ವರ್ಷ ಆಕೆ ತನ್ನ ಅರ್ಧ ಚೂರನ್ನು ಎಲ್ಲಿಟ್ಟಿದ್ದಳೋ. ಬಾಡಿಗೆ ಕೋಣೆಯ ಯಾವ ಮೂಲೆಯಲ್ಲೋ, ಯಾವ ತಗಡಿನ ಡಬ್ಬಿಯಲ್ಲೋ, ಮೈಮೇಲೆಯೋ. ನಾನು ಅದನ್ನೇ ಯೋಚಿಸುತ್ತೇನೆ. ಪತ್ರಾಗಾರದ ಅರ್ಧ ಎಷ್ಟು ದೊಡ್ಡದೋ ಆಕೆ ಕಾಯ್ದ ಅರ್ಧವೂ ಅಷ್ಟೇ ದೊಡ್ಡದು. ಒಂದು ಸಂಸ್ಥೆ ಎಷ್ಟೇ ಜೋಪಾನ ಮಾಡಿದರೂ ಹೊರಗೆ ಎಲ್ಲೋ ಇನ್ನೊಂದು ತುಂಡನ್ನು ಹಿಡಿದುಕೊಂಡವರು ಇದ್ದರೆ ಮಾತ್ರ ಅದು ಪೂರ್ತಿಯಾಗುತ್ತದೆ.

ನಮ್ಮ ಕನ್ನಡದಲ್ಲಿ ಚೀಟಿ ಎಂದರೆ ಬರೆದ ಕಾಗದದ ತುಂಡು. ಅಚ್ಚು ಹಾಕಿದ ಹೂವಿನ ಬಟ್ಟೆಗೂ ಚೀಟಿ ಎಂದೇ ಹೆಸರು. ಹಳಬರು ಚೀಟಿ ಬಟ್ಟೆ, ಚೀಟಿನ ಲಂಗ ಎನ್ನುತ್ತಿದ್ದರು. ಎರಡಕ್ಕೂ ಒಂದೇ ಶಬ್ದ ಬಂದು ಕೂತದ್ದು ನನಗೆ ಹಿಡಿಸುತ್ತದೆ. ಬಟ್ಟೆಯ ಜೊತೆ ಬರಹವಿದ್ದರೆ ಬಟ್ಟೆ ಮಾತಾಡುತ್ತದೆ. ಬರಹ ಕಳೆದುಹೋದರೆ ಫುಸ್ತಾತಿನ ಚೂರಿನ ಹಾಗೆ ಸುಮ್ಮನೆ ಕೂರುತ್ತದೆ. ಬಟ್ಟೆ ಹೋಗಿ ಬರಹ ಉಳಿದರೂ ಏನೋ ಒಂದಿಷ್ಟು ಉಳಿದಂತೆಯೇ.

ಹಾಗಾದರೆ ಇಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು? ಇದರ ಬೆಲೆ ಎಷ್ಟು, ಇದು ಎಷ್ಟು ಹಳೆಯದು, ಇದು ಎಷ್ಟು ಚಂದ ಎಂದು ಸಾಮಾನ್ಯವಾಗಿ ಕೇಳುತ್ತೇವೆ. ಅವೂ ಬೇಕು. ಆದರೆ ಲಂಡನ್ನಿನ ಆ ಗುಮಾಸ್ತೆಯ ಕೈ ಕೇಳಿದ ಪ್ರಶ್ನೆ ಬೇರೆ: ಇದನ್ನು ಕೇಳಿಕೊಂಡು ಯಾರು ಬರಬಹುದು? ಬಂದರೆ ಅವರಿಗೆ ಇದು ಗುರುತು ಸಿಗುತ್ತದೆಯೇ? ಈ ಪ್ರಶ್ನೆ ಹಿಡಿದು ನೋಡಿದರೆ ಕಪಾಟಿನಲ್ಲಿರುವ ಬಟ್ಟೆಗಳ ಸಾಲು ಬದಲಾಗುತ್ತದೆ. ಜರಿಯ ಹನ್ನೆರಡನೆಯ ಸೀರೆಗಿಂತ, ಉಟ್ಟವಳ ಹೆಸರು ಗೊತ್ತಿರುವ ಒಂದು ನೂಲಿನ ಸೀರೆ ಮುಂದೆ ಬರುತ್ತದೆ. ಕಲೆಯಿಲ್ಲದ ಬಟ್ಟೆಗಿಂತ ಕಲೆಯಿರುವ ಬಟ್ಟೆ ಮುಂದೆ ಬರುತ್ತದೆ.

ಕಲೆಯ ಮಾತು ಬಂದಾಗ ಮದುರೆ ನೆನಪಾಗುತ್ತದೆ. 1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಅಂಗಿ, ಟೊಪ್ಪಿಗೆ ಬಿಟ್ಟು ಬಡ ರೈತನ ತುಂಡುಪಂಚೆಗೆ ಇಳಿದದ್ದು ಅದೇ ಊರಿನಲ್ಲಿ. ರಾಣಿ ಮಂಗಮ್ಮಾಳ್ ಅರಮನೆಯಲ್ಲಿರುವ ಅಲ್ಲಿನ ಗಾಂಧಿ ಸ್ಮಾರಕ ಸಂಗ್ರಹಾಲಯದಲ್ಲಿ, 1948ರ ಜನವರಿ 30ರಂದು ಅವರ ಮೈಮೇಲಿದ್ದ ಬಟ್ಟೆಯ ಒಂದು ಭಾಗವಿದೆ. ಅದರ ಮೇಲೆ ರಕ್ತದ ಕಲೆಯಿದೆ. ಬಟ್ಟೆಯ ಆರೋಗ್ಯಕ್ಕೆ ಕಲೆ ಒಳ್ಳೆಯದಲ್ಲ. ಕಲೆ ಇದ್ದಲ್ಲಿ ನೂಲು ಬೇಗ ಸೋಲುತ್ತದೆ. ಆದರೂ ಅದನ್ನು ತೊಳೆಯುವ ಮಾತಿಲ್ಲ. ತೊಳೆದರೆ ಉಳಿಯುವುದು ಒಂದು ಖಾದಿ ಬಟ್ಟೆ. ಅಂಥದ್ದು ಈ ದೇಶದಲ್ಲಿ ಲಕ್ಷಗಟ್ಟಲೆ ನೇಯ್ದಿದ್ದಾರೆ.

ಹೀಗೆ ಬಟ್ಟೆಯನ್ನು ಕಾಯುವವರು ದಿನಾ ಸಣ್ಣ ಸಣ್ಣ ನಿರ್ಧಾರಗಳನ್ನು ಮಾಡುತ್ತಿರುತ್ತಾರೆ. ಈ ಕಂದು ಕಲೆ ಬರೀ ಕೊಳೆಯೋ, ಕೂಸು ಕಕ್ಕಿದ ಹಾಲೋ? ಈ ಹಳದಿ ಮಾಸಿದ್ದೋ, ಮದುವಣಗಿತ್ತಿಯ ಅರಿಶಿನವೋ? ಈ ತೇಪೆ ಬಿಚ್ಚಿದರೆ ಅಡಿಯ ಮೂಲ ಬಣ್ಣ ಕಾಣುತ್ತದೆ. ಬಿಚ್ಚಿದರೆ ತೇಪೆ ಹಾಕಿದವಳ ಕೈ ಅಳಿಯುತ್ತದೆ. ತೊಳೆದದ್ದನ್ನು ತಿರುಗಿ ತರಲಾಗದು, ಬಿಚ್ಚಿದ್ದನ್ನು ಹಾಗೆಯೇ ಹೊಲಿಯಲಾಗದು. ಆದ್ದರಿಂದ ಬಲ್ಲವರು ಕೈ ಹಿಂದಿಟ್ಟುಕೊಂಡು ಬಹಳ ಹೊತ್ತು ನೋಡುತ್ತಾರೆ. ಆ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬೇಡ ಎನ್ನುವುದೂ ಅವರ ಕೆಲಸದ ಭಾಗ. ಯಾರೋ ತಮ್ಮ ತಾಯಿಯ ಸೀರೆಯನ್ನು ಕಣ್ಣಲ್ಲಿ ನೀರು ತುಂಬಿಕೊಂಡು ತಂದುಕೊಡುತ್ತಾರೆ. ಅಂಥದ್ದು ಆಗಲೇ ನಾಲ್ಕಿವೆ, ಇನ್ನೊಂದಕ್ಕೆ ಜಾಗವಿಲ್ಲ, ಇದ್ದವನ್ನೇ ಚೆನ್ನಾಗಿ ನೋಡಿಕೊಳ್ಳಲು ಕೈ ಸಾಲದು ಎಂದು ಹೇಳಬೇಕಾಗುತ್ತದೆ. ಸುಲಭದ ಮಾತಲ್ಲ ಅದು. ಆದರೆ ದಾಕ್ಷಿಣ್ಯಕ್ಕೆ ತಗೊಂಡು ಕತ್ತಲ ಕೋಣೆಯಲ್ಲಿ ಮರೆತುಬಿಡುವುದಕ್ಕಿಂತ, ಆ ಸೀರೆ ಅವರ ಮನೆಯಲ್ಲಿ ಮಗಳ ಮೈಮೇಲೆ ಇರುವುದು ಮೇಲು. ಬೇಡವೆಂದ ವಸ್ತುವಿಗೂ ಅದರದೇ ಒಂದು ಬಾಳು ಇರುತ್ತದೆ.

ನಮ್ಮ ಆಯಿಗೆ ಆ ಬಾಳು ಗೊತ್ತಿತ್ತು. ಅವಳ ಕಾಲದಲ್ಲಿ ಬಟ್ಟೆಯನ್ನು ಬೀಸಾಡುವುದೆಂಬುದೇ ಇರಲಿಲ್ಲ. ಹೊಸ ಸೀರೆ ಹಬ್ಬಕ್ಕೆ, ಹಳೆಯದಾದರೆ ದಿನಕ್ಕೆ, ಹರಿದರೆ ಕೂಸಿನ ತೊಟ್ಟಿಲ ಹಾಸಿಗೆ, ಇನ್ನೂ ಹರಿದರೆ ಕೌದಿಯ ಹೊಟ್ಟೆಗೆ. ಸುಗ್ಗಿ ಮುಗಿದ ಮೇಲೆ ಓಣಿಯ ಹೆಂಗಸರು ನಾಲ್ಕು ಜನ ನಾಲ್ಕು ಮೂಲೆಗೆ ಕೂತು ದಬ್ಬಣ ಹಿಡಿಯುತ್ತಿದ್ದರು. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ಬಣ್ಣದ ತುಂಡುಗಳನ್ನು ಇಡುತ್ತಾರೆ. ಅದನ್ನು ಹೂವು ಎನ್ನುತ್ತಾರೆ. ಮೂಲೆಯಲ್ಲಿ ಹೂವಿಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರ ಭಾವನೆ. ಅವರ ಕೌದಿಗಳು ನ್ಯೂಯಾರ್ಕಿನ ತನಕ ಹೋಗಿ ಪ್ರದರ್ಶನದಲ್ಲಿ ನಿಂತು ಬಂದಿವೆ. ಕೂಸನ್ನು ಬೆಚ್ಚಗಿಡಲು ಹೊಲಿದದ್ದನ್ನು ಗೋಡೆಗೆ ತೂಗುಹಾಕಿ ಜನ ನೋಡಿದರು. ಎರಡೂ ಗೌರವವೇ. ಆದರೆ ಬೆಚ್ಚಗಿಟ್ಟದ್ದು ಮೊದಲಿನದು.

ಸಂಗ್ರಹಾಲಯ ಬಟ್ಟೆಯನ್ನು ಬಳಕೆಯಿಂದ ಬಿಡಿಸಿ ಉಳಿಸುತ್ತದೆ. ಕೌದಿ ಬಳಸುತ್ತಲೇ ಉಳಿಸುತ್ತದೆ. ಸಂಗ್ರಹಾಲಯಕ್ಕೆ ಕತ್ತಲೂ ತಾಳ್ಮೆಯೂ ಬೇಕು. ಕೌದಿಗೆ ಚಳಿಯೂ ಮಲಗುವ ಮೈಯೂ ಬೇಕು. ಒಂದು ಊರಿಗೆ ಎರಡೂ ಬೇಕು. ಎಲ್ಲವೂ ಕಪಾಟಿಗೆ ಹೋದರೆ ಬಟ್ಟೆಯ ಜೊತೆ ಬದುಕುವ ವಿದ್ಯೆ ಮರೆತುಹೋಗುತ್ತದೆ. ಎಲ್ಲವೂ ಬಳಕೆಯಲ್ಲೇ ಕರಗಿದರೆ ನಾಳೆ ಬರುವವರಿಗೆ ತೋರಿಸಲು ಏನೂ ಇರುವುದಿಲ್ಲ. ಕೌದಿಗೆ ಒಂದೇ ಕೊರತೆ. ಅದರಲ್ಲಿ ಎಲ್ಲರ ಬಟ್ಟೆ ಇದೆ, ಯಾರ ಹೆಸರೂ ಇಲ್ಲ. ಹೆಸರೆಲ್ಲ ಹೊಲಿದವರ ಬಾಯಲ್ಲಿತ್ತು.

ಬಿಸಿಲು ಕಟ್ಟೆಗೆ ಬಂತು. ನಾನು ಕೌದಿಯನ್ನು ಹೆಗಲಿನಿಂದ ಇಳಿಸಿ ಹಾಸಿದೆ. ತಂಗಿಯನ್ನು ಕರೆದೆ. ಒಳಗಿನಿಂದ ಒಂದು ಹಾಳೆ, ಪೆನ್ನು ತರಿಸಿದೆ.

"ಇದು ಯಾರದು?" ಎಂದು ಒಂದು ಕೆಂಪು ತುಂಡಿನ ಮೇಲೆ ಬೆರಳಿಟ್ಟೆ.

"ಆಯಿ ಸೀರಿದು. ಮೈಯಾಗಿಂದಲ್ಲ, ಸೆರಗಿಂದು." ಅವಳು ಬಗ್ಗಿ ಕೂತಳು. ಬೆರಳಿನಿಂದ ಸವರಿದಳು. "ಇಲ್ಲಿ ಕೊಂಡಿ ಹತ್ತತೈತಿ ನೋಡು ಕೈಗೆ."

ಹತ್ತಿತು. ಕೂದಲೆಳೆಯಷ್ಟು ದಪ್ಪನೆಯ ಒಂದು ಗೆರೆ. ಕತ್ತರಿ ಹಾಕುವಾಗ ಆಯಿ ಅದನ್ನು ಬಿಟ್ಟು ಕತ್ತರಿಸಿರಲಿಲ್ಲ. ಬರೆದೆ.

ಆಮೇಲೆ ಒಂದೊಂದಾಗಿ ಬಂದವು. ಈ ಬಿಳಿ, ಈಗ ಬೂದಿ ಬಣ್ಣವಾದದ್ದು, ಅಪ್ಪನ ಧೋತರ. ಈ ಖಾಕಿ, ಕಾಕಾನ ಅಂಗಿ. ಕಿಸೆ ಇದ್ದ ಜಾಗ ಇನ್ನೂ ಗಾಢವಾಗಿದೆ. ಈ ಗುಳೇದಗುಡ್ಡದ ಖಣ ನನ್ನ ಕುಂಚಿಗಿಯದು ಎಂದು ತಂಗಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ನನಗಿಂತ ಚಿಕ್ಕವಳಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವ್ವ ಅವಳಿಗೆ ಹೇಳಿದ್ದಳಂತೆ. ಹೆಣ್ಣುಮಕ್ಕಳ ಕಿವಿಗೆ ಬಿದ್ದು ಉಳಿದ ಎಷ್ಟು ಮಾತು ಹೀಗೆ ಯಾರೂ ಕೇಳದೆ ಮುಗಿದುಹೋಗಿವೆಯೋ ಎಂದು ಕಸಿವಿಸಿಯಾಯಿತು. ಈ ಹಸಿರು ಚೀಟಿ ಬಟ್ಟೆ ದೊಡ್ಡವ್ವನ ಕುಪ್ಪಸ. ಈ ಪಟ್ಟೆಪಟ್ಟೆಯದು ನೆರೆಮನೆಯವರು ಕೊಟ್ಟದ್ದು. ಹೊಲಿಯಲು ಬಂದವರು ತಮ್ಮದೊಂದು ತುಂಡು ಸೇರಿಸಿ ಹೋಗುವುದಿತ್ತಂತೆ.

ಹಾಳೆ ತುಂಬುತ್ತಾ ಬಂತು. ಇದನ್ನು ಯಾವ ಸಂಗ್ರಹಾಲಯವೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ತಂಗಿಯ ಮಗಳೋ ಅವಳ ಮಗಳೋ ಒಂದು ದಿನ ಈ ಟ್ರಂಕು ಬಿಚ್ಚಿ, ಇದು ಯಾರದು ಎಂದು ಕೇಳಬಹುದು. ಅವತ್ತಿಗೆ ನಾವಿಬ್ಬರೂ ಇರುವುದಿಲ್ಲ. ಚೀಟಿ ಇರುತ್ತದೆ.

ತಂಗಿ ಎದ್ದು ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಒರೆಸುವ ಬಟ್ಟೆಯ ಗುಂಪಿನಲ್ಲಿದ್ದ ಅವ್ವನ ಸೀರೆ ಇತ್ತು. ದಿನಾ ಉಡುತ್ತಿದ್ದದ್ದು. ಬೆಳಕಿಗೆ ಹಿಡಿದು, ಗಟ್ಟಿಯಿದ್ದ ಕಡೆ ಹುಡುಕಿ, ಅಂಗೈಯಗಲದ ಒಂದು ತುಂಡು ಕತ್ತರಿಸಿದಳು. ಹರಿದ ಮೂಲೆಯ ಮೇಲೆ ಅದನ್ನಿಟ್ಟು ಅಂಚು ಮಡಿಸಿ ನೋಡಿದಳು. "ಇಲ್ಲಿ ಕೂಡತೈತಿ," ಎಂದಳು. ದಬ್ಬಣಕ್ಕೆ ದಾರ ಪೋಣಿಸಲು ನನ್ನ ಕಡೆ ಚಾಚಿದಳು. ಪೋಣಿಸಿಕೊಟ್ಟೆ.

ಚೀಟಿಯಲ್ಲಿ ಒಂದು ಸಾಲು ಸೇರಿಸಿದೆ: ಮೂಲೆ, ಅವ್ವನ ದಿನದ ಸೀರೆ. ಕೆಳಗೆ ಇವತ್ತಿನ ತಾರೀಖು.

ಇನ್ನೂ ಎರಡು ತುಂಡು ಉಳಿದವು. ಒಂದು ಕಂದು, ಒಂದು ತಿಳಿನೀಲಿ. ತಂಗಿ ಬಹಳ ಹೊತ್ತು ನೋಡಿ ತಲೆ ಅಲ್ಲಾಡಿಸಿದಳು. ಅವುಗಳ ಎದುರಿಗೆ "ಗೊತ್ತಿಲ್ಲ" ಎಂದು ಬರೆದು, ಮುಂದೆ ಜಾಗ ಬಿಟ್ಟೆ. ಗೊತ್ತಿದ್ದವರು ಯಾರಾದರೂ ಬಂದಾರು.